ಎಳೆಯೋದು ಬೇರೆ, ಹೊರೋದು ಬೇರೆ

ಊರಿಂದ ಬಂದ ನೆಂಟರಿಗೆ ಚಾರ್‌ಮಿನಾರ್ ತೋರಿಸಿದ ಮೇಲೆ ಹೈದರಾಬಾದಿನ ಕನ್ನಡಿಗರು ಕರೆದುಕೊಂಡು ಹೋಗೋದು ಟ್ಯಾಂಕ್ ಬಂಡ್‌ಗೆ. ಹುಸೇನ್ ಸಾಗರದ ನಡುವೆ ನಿಂತ ಬುದ್ಧನನ್ನು ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಇಷ್ಟು ದೊಡ್ಡ ಕಲ್ಲನ್ನು ಅಲ್ಲಿಗೆ ಹ್ಯಾಗೆ ಸಾಗಿಸಿದರು? ಉತ್ತರದಲ್ಲಿ ಎರಡು ಭಾಗ ಇದೆ. ಒಂದು ನೆಲದ ಮೇಲಿನದು, ಇನ್ನೊಂದು ನೀರಿನ ಮೇಲಿನದು.

ಈ ವಿಗ್ರಹ ಎನ್.ಟಿ. ರಾಮರಾವ್ ಮುಖ್ಯಮಂತ್ರಿಯಾಗಿದ್ದಾಗಿನ ಕನಸು. ಭುವನಗಿರಿ ಹತ್ತಿರದ ರಾಯಗಿರಿಯಲ್ಲಿ ಗಣಪತಿ ಸ್ಥಪತಿಗಳ ಮುಂದಾಳತ್ವದಲ್ಲಿ ಒಂದೇ ಬಂಡೆಯಿಂದ ಕಡೆದದ್ದು. ಎತ್ತರ 58 ಅಡಿ, ತೂಕ 300 ಟನ್ನಿಗೂ ಹೆಚ್ಚು. 1988ರ ನವೆಂಬರಿನಲ್ಲಿ ಇದನ್ನು 192 ಚಕ್ರಗಳ ಟ್ರೇಲರಿನ ಮೇಲೆ ಮಲಗಿಸಿ ನಗರಕ್ಕೆ ತಂದರು.

192 ಚಕ್ರ ಯಾಕೆ? ನಮ್ಮ ಕಡೆ ಎತ್ತಿನಗಾಡಿ ಹೊಡೆಯುವವರನ್ನು ಕೇಳಿ, ಹೇಳ್ತಾರೆ. ಹೇರು ಮುಂದಕ್ಕೆ ಹೆಚ್ಚಾದರೆ ಭಾರವೆಲ್ಲ ಎತ್ತಿನ ಹೆಗಲಿಗೆ. ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತೆ. ಅಂದರೆ ಎತ್ತು ಎಷ್ಟು ಎಳೆಯಬಲ್ಲದು ಅನ್ನೋದು ಒಂದು ಲೆಕ್ಕ, ಅದರ ಹೆಗಲು ಎಷ್ಟು ಹೊರಬಲ್ಲದು ಅನ್ನೋದು ಬೇರೆಯೇ ಲೆಕ್ಕ. ಲಾರಿಗೂ ಇದೇ ಮಾತು. ಹಿಂದಿನ ಟ್ರೇಲರಿನ ಭಾರದಲ್ಲಿ ಒಂದು ಪಾಲು ಎಳೆಯುವ ಗಾಡಿಯ ಹಿಂದಿನ ಅಚ್ಚಿನ ಮೇಲೆ ಕೂರುತ್ತೆ. ಇಂಜಿನ್ನಿಗೆ ತಾಕತ್ತಿದ್ದರೆ ಸಾಲದು. ಅಚ್ಚು, ಟೈರು, ಬ್ರೇಕು ಎಲ್ಲವೂ ತಡೀಬೇಕು. ಇವುಗಳಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅದೇ ಇಡೀ ಗಾಡಿಯ ಮಿತಿ. ಕಲ್ಲಿನ ತೂಕ 320 ಟನ್ ಅಂತ ಹಿಡಿದರೆ ಒಂದೊಂದು ಚಕ್ರದ ಪಾಲಿಗೆ ಬರೋದು 1.7 ಟನ್ನಿನಷ್ಟು, ಟ್ರೇಲರಿನ ಸ್ವಂತ ತೂಕ ಬೇರೆ. ರಸ್ತೆ ತಡೆದುಕೊಂಡಿದ್ದು ಈ ಹಂಚಿಕೆಯಿಂದ.

ಕರ್ನಾಟಕದವರಿಗೆ ಇದು ಹೊಸದೇನಲ್ಲ. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿ 1973ರಲ್ಲಿ ಹೀಗೇ ಬಹುಚಕ್ರದ ಗಾಡಿಯೇರಿ ಧರ್ಮಸ್ಥಳಕ್ಕೆ ಬಂದ. ಆದರೆ ಬಾಹುಬಲಿ ನಿಲ್ಲಬೇಕಾಗಿದ್ದು ಗುಡ್ಡದ ಮೇಲೆ, ಬುದ್ಧ ನಿಲ್ಲಬೇಕಾಗಿದ್ದು ಕೆರೆಯ ನಡುವೆ.

ಅಲ್ಲಿಗೆ ಲೆಕ್ಕವೇ ಬದಲಾಯಿತು. ನೀರಿನ ಮೇಲೆ ಅಚ್ಚೂ ಇಲ್ಲ, ಚಕ್ರವೂ ಇಲ್ಲ. ದೋಣಿಗೆ ಅಷ್ಟು ಭಾರ ತೇಲಿಸುವ ಶಕ್ತಿ ಇದ್ದರೂ ಸಾಲದು. ಭಾರ ಒಂದು ಕಡೆಗೆ ವಾಲಿದರೆ ಮತ್ತೆ ನೆಟ್ಟಗಾಗುವ ಶಕ್ತಿಯೂ ಬೇಕು. ನೆಲದ ಮೇಲೆ ಗಾಡಿ ಸೋತರೆ ನಿಲ್ಲಿಸಿ ಕಲ್ಲು ಕೊಡಬಹುದು. ನೀರು ಅಷ್ಟು ಸಮಯ ಕೊಡೋದಿಲ್ಲ. 1990ರ ಮಾರ್ಚ್ 10ರಂದು ದೋಣಿ ದಡದಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ವಿಗ್ರಹ ವಾಲಿ ನೀರಿಗೆ ಬಿತ್ತು. ಜೊತೆಯಲ್ಲಿದ್ದ ಹಲವರು ಜೀವ ಕಳೆದುಕೊಂಡರು.

ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಬುದ್ಧ ಕೆರೆಯ ತಳದಲ್ಲೇ ಮಲಗಿದ್ದ. ಕೊನೆಗೆ ಮೇಲೆತ್ತಿ 1992ರ ಡಿಸೆಂಬರ್ 1ರಂದು ಪೀಠದ ಮೇಲೆ ನಿಲ್ಲಿಸಿದರು. ಕಲ್ಲಿಗೆ ದೊಡ್ಡ ಪೆಟ್ಟೇನೂ ಆಗಿರಲಿಲ್ಲ. ವಿಗ್ರಹದ ಎತ್ತರ, ತೂಕ, ಟ್ರೇಲರಿನ ಚಕ್ರಗಳ ಸಂಖ್ಯೆ ಈ ಊರಲ್ಲಿ ಎಷ್ಟೋ ಜನರ ಬಾಯಲ್ಲಿದೆ. ಅವತ್ತು ದೋಣಿಯಲ್ಲಿದ್ದವರ ಹೆಸರು ಕೇಳಿದರೆ ಹೇಳುವವರು ಸಿಗೋದು ಕಷ್ಟ. ಭಾರದ ಲೆಕ್ಕ ಹಾಕುವಾಗ ಅವರನ್ನೂ ಸೇರಿಸಬೇಕಾಗಿತ್ತು.