ಮುಷ್ಕರದ ದಾರಿ ಮುಚ್ಚಿದ ಮೇಲೆ: ಅಮೆರಿಕದ ಸೆರೆಮನೆ ಕಾವಲುಗಾರರ ಸಂಘಗಳಲ್ಲಿ ನಾಯಕತ್ವ, 1970–2025

ಅಮೆರಿಕದ ಕಾರ್ಮಿಕ ಚಳವಳಿಯ ಚರಿತ್ರೆಯಲ್ಲಿ ಗಣಿ, ರೈಲ್ವೆ, ಉಕ್ಕು ಮತ್ತು ಮೋಟಾರು ಕಾರ್ಖಾನೆಗಳ ನಾಯಕರಿಗೆ ದೊರೆತ ಗಮನದಲ್ಲಿ ಹತ್ತರಲ್ಲಿ ಒಂದು ಪಾಲೂ ಸೆರೆಮನೆ ಕಾವಲುಗಾರರ ಸಂಘಗಳನ್ನು ಕಟ್ಟಿ ನಡೆಸಿದವರಿಗೆ ದೊರೆತಿಲ್ಲ. ಆದರೆ 1980ರ ನಂತರದ ಎರಡು ಮೂರು ದಶಕಗಳಲ್ಲಿ ರಾಜ್ಯಪಾಲರ ಚುನಾವಣೆ, ಶಿಕ್ಷಾನೀತಿ ಮತ್ತು ಸರ್ಕಾರಿ ವೆಚ್ಚ ಈ ಮೂರರ ಮೇಲೂ ಒಂದೇ ಬಾರಿಗೆ ಪ್ರಭಾವ ಬೀರಿದ ಕಾರ್ಮಿಕ ನಾಯಕರನ್ನು ಹುಡುಕುವವರಿಗೆ ಈ ಸಂಘಗಳ ಅಧ್ಯಕ್ಷರು ಮೊದಲ ಸಾಲಿನಲ್ಲೇ ಎದುರಾಗುತ್ತಾರೆ. ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ರಾಜ್ಯಗಳ ಅನುಭವವನ್ನು ಆಧರಿಸಿದ ಈ ಲೇಖನದ ವಾದವಿದು: ಕೆಲಸ ನಿಲ್ಲಿಸುವ ಹಕ್ಕನ್ನು ಕಾನೂನು ಕಸಿದುಕೊಂಡ ಕಡೆಗಳಲ್ಲಿ ಈ ನಾಯಕರು ತಮ್ಮ ಬಲವನ್ನು ಬೇರೆಡೆ, ಮುಖ್ಯವಾಗಿ ಶಾಸನಸಭೆಯಲ್ಲಿ ಮತ್ತು ಚುನಾವಣಾ ನಿಧಿಯಲ್ಲಿ, ಹುಡುಕಿಕೊಳ್ಳಬೇಕಾಯಿತು, ಅವರ ವೃತ್ತಿಜೀವನದ ಏಳಿಗೆಗೂ ಪತನಕ್ಕೂ ಆ ಹುಡುಕಾಟವೇ ಮುಖ್ಯ ಕಾರಣ.

ಇಲ್ಲಿ ಕಾವಲುಗಾರರೆಂದರೆ ಅಮೆರಿಕದ ಆಡಳಿತ ‘ಕರೆಕ್ಷನ್ ಆಫೀಸರ್’ ಎಂದು ಕರೆಯುವ, ನಮ್ಮ ಜೈಲುಗಳ ವಾರ್ಡರ್ ಹುದ್ದೆಗೆ ಹತ್ತಿರವಾದ ಸಿಬ್ಬಂದಿ. ಪ್ರತಿ ಸೆರೆಮನೆಯಲ್ಲೂ ಇವರು ತಮ್ಮೊಳಗಿನಿಂದಲೇ ಸಂಘದ ಪ್ರತಿನಿಧಿಗಳನ್ನು ಆರಿಸುತ್ತಾರೆ. ಸಹೋದ್ಯೋಗಿಯೊಬ್ಬನ ಮೇಲೆ ಇಲಾಖಾ ವಿಚಾರಣೆ ನಡೆದಾಗ ಅವನ ಪಕ್ಕದಲ್ಲಿ ಕೂರುವುದು, ಪಾಳಿ ಮತ್ತು ರಜೆಗಳು ಸೇವಾ ಹಿರಿತನಕ್ಕೆ ಅನುಗುಣವಾಗಿ ಹಂಚಿಕೆಯಾಗುವಂತೆ ನೋಡಿಕೊಳ್ಳುವುದು, ಕಡ್ಡಾಯ ಹೆಚ್ಚುವರಿ ದುಡಿಮೆಯ ವಿರುದ್ಧ ದೂರು ಬರೆಯುವುದು ಅವರ ದಿನನಿತ್ಯದ ಕೆಲಸ. ರಾಜ್ಯಮಟ್ಟದ ಅಧ್ಯಕ್ಷಗಿರಿಗೆ ಏರಿದವರ ಮೊದಲ ಮೆಟ್ಟಿಲು ಸಾಮಾನ್ಯವಾಗಿ ಇದೇ. ಕೈದಿಗಳ ಸಾಲುಕೋಣೆಗಳ ಮುಂದೆ ಪಾಳಿ ಮಾಡಿದ ಅನುಭವವಿಲ್ಲದವರನ್ನು ಸದಸ್ಯರು ನಾಯಕರೆಂದು ಒಪ್ಪುವುದು ಕಷ್ಟವಾದ್ದರಿಂದ, ಹೊರಗಿನ ವಕೀಲರು ಮತ್ತು ವೃತ್ತಿಪರ ಸಂಘಟಕರು ಸಲಹೆಗಾರರಾಗಿ ಉಳಿದರೇ ಹೊರತು ಅಧ್ಯಕ್ಷರಾಗಲಿಲ್ಲ.

ಈ ನಾಯಕತ್ವದ ಮನೋಧರ್ಮವನ್ನು ರೂಪಿಸಿದ್ದು 1970ರ ದಶಕದ ಆರಂಭದ ಹಿಂಸೆ. 1970ರ ಜನವರಿ 13ರಂದು ಕ್ಯಾಲಿಫೋರ್ನಿಯಾದ ಸೋಲೆಡಾಡ್ ಸೆರೆಮನೆಯಲ್ಲಿ ಕಾವಲುಗಾರನೊಬ್ಬ ಮೂವರು ಕಪ್ಪು ಕೈದಿಗಳನ್ನು ಗುಂಡಿಕ್ಕಿ ಕೊಂದ; ಮೂರು ದಿನಗಳ ನಂತರ ಅಲ್ಲೇ ಕಾವಲುಗಾರನೊಬ್ಬನ ಹತ್ಯೆಯಾಯಿತು. 1971ರ ಆಗಸ್ಟ್ 21ರಂದು ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿ ಕೈದಿ ಜಾರ್ಜ್ ಜಾಕ್ಸನ್ ಸತ್ತ ದಿನ ಮೂವರು ಕಾವಲುಗಾರರೂ ಇನ್ನಿಬ್ಬರು ಕೈದಿಗಳೂ ಪ್ರಾಣ ಕಳೆದುಕೊಂಡರು. ಮುಂದಿನ ತಿಂಗಳು ನ್ಯೂಯಾರ್ಕಿನ ಆಟಿಕಾದಲ್ಲಿ ಸೆಪ್ಟೆಂಬರ್ 9ರಿಂದ 13ರವರೆಗೆ ನಡೆದ ದಂಗೆ ಮತ್ತು ಅದನ್ನು ಹತ್ತಿಕ್ಕಿದ ಕಾರ್ಯಾಚರಣೆಯಲ್ಲಿ ಒಟ್ಟು 43 ಮಂದಿ ಸತ್ತರು. ಅವರಲ್ಲಿ ಬಹುಪಾಲು ಜನ, ಒತ್ತೆಯಲ್ಲಿದ್ದ ಸೆರೆಮನೆ ನೌಕರರೂ ಸೇರಿದಂತೆ, ಸರ್ಕಾರಿ ಪಡೆಗಳ ಗುಂಡಿಗೇ ಬಲಿಯಾದವರು. ಆಡಳಿತ ತಮ್ಮನ್ನು ರಕ್ಷಿಸುತ್ತದೆಂಬ ನಂಬಿಕೆ ಕಾವಲುಗಾರರಲ್ಲಿ ಕುಸಿಯಲು ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಆದರೆ ಅದೇ ಗುಂಡುಗಳಿಗೆ ಅವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಬಲಿಯಾದ ಕೈದಿಗಳ ದುಃಖವನ್ನು ಸಂಘಗಳು ತಮ್ಮ ದುಃಖದ ಜೊತೆಗಿಟ್ಟು ನೋಡಲಿಲ್ಲ. ಮುಂದಿನ ಐವತ್ತು ವರ್ಷಗಳ ಬಹಳಷ್ಟು ಬಿಕ್ಕಟ್ಟುಗಳ ಬೇರು ಈ ಬಿರುಕಿನಲ್ಲಿದೆ.

ಮೊದಲ ಪೀಳಿಗೆಯ ಪ್ರತಿನಿಧಿಗಳು ನೆಚ್ಚಿದ್ದು ಮುಷ್ಕರವನ್ನೇ. ನ್ಯೂಯಾರ್ಕಿನಲ್ಲಿ ರಾಜ್ಯದ ಕಾವಲುಗಾರರನ್ನು ಆಗ ಪ್ರತಿನಿಧಿಸುತ್ತಿದ್ದದ್ದು ಸರ್ಕಾರಿ ನೌಕರರ ರಾಷ್ಟ್ರೀಯ ಒಕ್ಕೂಟಕ್ಕೆ ಸೇರಿದ ‘ಕೌನ್ಸಿಲ್ 82’. 1967ರ ಟೈಲರ್ ಕಾಯ್ದೆ ಸರ್ಕಾರಿ ನೌಕರರಿಗೆ ಸಂಘ ಕಟ್ಟುವ ಮತ್ತು ಸಾಮೂಹಿಕ ಚೌಕಾಸಿ ನಡೆಸುವ, ಅಂದರೆ ಎಲ್ಲರ ಪರವಾಗಿ ಒಂದೇ ಸಂಘ ವೇತನ ಹಾಗೂ ಸೇವಾ ಷರತ್ತುಗಳನ್ನು ಮಾತಾಡಿ ಒಪ್ಪಂದ ಮಾಡಿಕೊಳ್ಳುವ ಹಕ್ಕು ಕೊಟ್ಟಿತ್ತು. ಅದರ ಜೊತೆಗೇ ಮುಷ್ಕರವನ್ನು ನಿಷೇಧಿಸಿತ್ತು; ಮುಷ್ಕರದ ಪ್ರತಿ ದಿನಕ್ಕೆ ಎರಡು ದಿನದ ಸಂಬಳ ಕಡಿತವೆಂಬ ದಂಡ 1969ರ ತಿದ್ದುಪಡಿಯಿಂದ ಸೇರಿತ್ತು. 1979ರ ವಸಂತದಲ್ಲಿ ಕಾವಲುಗಾರರು ಈ ನಿಷೇಧವನ್ನು ಮೀರಿ ಎರಡು ವಾರಕ್ಕೂ ಹೆಚ್ಚು ಕಾಲ ಕೆಲಸ ಬಿಟ್ಟಾಗ ರಾಜ್ಯಪಾಲ ಹ್ಯೂ ಕ್ಯಾರಿ ಅವರ ಸರ್ಕಾರ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆಯನ್ನು ಸೆರೆಮನೆಗಳಿಗೆ ಇಳಿಸಿತು. ಸಂಘದ ಮೇಲೂ ಸದಸ್ಯರ ಮೇಲೂ ಬಿದ್ದ ದಂಡದ ಹೊರೆ ಎಷ್ಟಿತ್ತೆಂದರೆ, ಮುಂದಿನ 45 ವರ್ಷಗಳ ಕಾಲ ಆ ರಾಜ್ಯದ ಕಾವಲುಗಾರರು ಅಂಥ ರಾಜ್ಯವ್ಯಾಪಿ ಮುಷ್ಕರಕ್ಕೆ ಕೈಹಾಕಲಿಲ್ಲ.

 

ಕ್ಯಾಲಿಫೋರ್ನಿಯಾದಲ್ಲಿ ಬೇರೊಂದು ದಾರಿ ತೆರೆದುಕೊಂಡಿತು. ಅಲ್ಲಿನ ಕಾವಲುಗಾರರ ಸಂಘ 1957ರಲ್ಲೇ ಹುಟ್ಟಿದ್ದರೂ ಬಹುಕಾಲ ಅದು ಗೆಳೆಯರ ಕೂಟಕ್ಕಿಂತ ಹೆಚ್ಚಿನದಾಗಿರಲಿಲ್ಲ. ರಾಜ್ಯದ ಎಲ್ಲ ಬಗೆಯ ನೌಕರರನ್ನೂ ಒಳಗೊಂಡ ದೊಡ್ಡ ಸಂಘದ ನೆರಳಿನಲ್ಲಿ ಕಾವಲುಗಾರರ ಅಹವಾಲುಗಳು ಮರೆಯಾಗುತ್ತಿದ್ದವು. 1977ರಲ್ಲಿ ರಾಜ್ಯಪಾಲ ಜೆರ್ರಿ ಬ್ರೌನ್ ಸಹಿ ಮಾಡಿದ, ಮುಂದೆ ಡಿಲ್ಸ್ ಕಾಯ್ದೆಯೆಂದು ಹೆಸರಾದ ಕಾನೂನು ರಾಜ್ಯ ನೌಕರರಿಗೆ ಸಾಮೂಹಿಕ ಚೌಕಾಸಿಯ ಹಕ್ಕು ಕೊಟ್ಟಾಗ, ಕಾವಲುಗಾರರನ್ನು ಯಾರು ಪ್ರತಿನಿಧಿಸಬೇಕೆಂಬ ಪೈಪೋಟಿ ಶುರುವಾಯಿತು. ಫೋಲ್ಸಮ್ ಸೆರೆಮನೆಯ ಕಾವಲುಗಾರ ಡಾನ್ ನೋವಿ ಸಂಘದ ಅಧ್ಯಕ್ಷರಾಗಿ ಆಯ್ಕೆಯಾದದ್ದು ಈ ಪೈಪೋಟಿಯ ನಡುವೆ, 1980ರಲ್ಲಿ. ಬಾಲಾಪರಾಧಿಗಳ ಸಂಸ್ಥೆಗಳ ಸಿಬ್ಬಂದಿಯನ್ನು 1982ರಲ್ಲಿ ಜೊತೆ ಸೇರಿಸಿಕೊಂಡು ಅವರು ಕಟ್ಟಿದ ಸಂಸ್ಥೆಯೇ ಕ್ಯಾಲಿಫೋರ್ನಿಯಾ ಕರೆಕ್ಷನಲ್ ಪೀಸ್ ಆಫೀಸರ್ಸ್ ಅಸೋಸಿಯೇಷನ್, ಸಂಕ್ಷಿಪ್ತವಾಗಿ ಸಿಸಿಪಿಒಎ.

ಒಂದು ಕಾಲಕ್ಕೆ ಸೇನೆಯ ಗುಪ್ತಚರ ವಿಭಾಗದಲ್ಲಿದ್ದು ಬಂದ, ಸದಾ ಫೆಡೋರಾ ಟೋಪಿಯಲ್ಲಿ ಕಾಣಿಸಿಕೊಳ್ಳುತ್ತಿದ್ದ ನೋವಿ 2002ರವರೆಗೆ, ಎರಡು ದಶಕಕ್ಕೂ ಮೀರಿ, ಅಧ್ಯಕ್ಷರಾಗಿದ್ದರು. ಒಪ್ಪಂದಗಳಲ್ಲೇ ಮುಷ್ಕರ ನಡೆಸುವುದಿಲ್ಲವೆಂಬ ಷರತ್ತು ಇದ್ದುದರಿಂದ ಸಂಘದ ಶಕ್ತಿಯನ್ನು ಅವರು ರಾಜಧಾನಿ ಸ್ಯಾಕ್ರಮೆಂಟೊದ ಶಾಸನಸಭೆಯ ಸುತ್ತ ಕೇಂದ್ರೀಕರಿಸಿದರು. ಪ್ರತಿ ಸದಸ್ಯನ ವಂತಿಗೆಯ ಒಂದು ಭಾಗ ರಾಜಕೀಯ ನಿಧಿಗೆ ಹೋಗುತ್ತಿತ್ತು, ಮತ್ತು ಆ ನಿಧಿ ಯಾವುದೇ ಒಂದು ಪಕ್ಷಕ್ಕೆ ಮೀಸಲಾಗಿರಲಿಲ್ಲ. 1990ರ ರಾಜ್ಯಪಾಲರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಪೀಟ್ ವಿಲ್ಸನ್ ಅವರ ಪರವಾಗಿ ಸಂಘ ಸುಮಾರು 10 ಲಕ್ಷ ಡಾಲರ್ ಖರ್ಚು ಮಾಡಿತು. 1998ರಲ್ಲಿ ಡೆಮಾಕ್ರಟಿಕ್ ಪಕ್ಷದ ಗ್ರೇ ಡೇವಿಸ್ ಅವರ ಗೆಲುವಿಗೆ ವ್ಯಯಿಸಿದ ಮೊತ್ತ ಅದರ ಎರಡರಷ್ಟಿತ್ತು. ಕಾರ್ಮಿಕ ಸಂಘವೆಂದರೆ ಡೆಮಾಕ್ರಟಿಕ್ ಪಕ್ಷದ ಸಹಜ ಮಿತ್ರನೆಂಬ ಅಮೆರಿಕದ ರೂಢಿಯನ್ನು ನೋವಿ ಮುರಿದರು. ಯಾರೇ ಅಧಿಕಾರಕ್ಕೆ ಬಂದರೂ ಅವರು ಸಂಘದ ಋಣದಲ್ಲಿರುವಂತೆ ನೋಡಿಕೊಳ್ಳುವುದು ಅವರ ವಿಧಾನವಾಗಿತ್ತು.

ಹಣವೊಂದೇ ಇದನ್ನೆಲ್ಲ ಸಾಧಿಸಲಿಲ್ಲ. ಸಂಘದ ಆರ್ಥಿಕ ನೆರವಿನಿಂದ ಆರಂಭವಾದ ಕ್ರೈಮ್ ವಿಕ್ಟಿಮ್ಸ್ ಯುನೈಟೆಡ್ ಎಂಬ ಅಪರಾಧ ಸಂತ್ರಸ್ತರ ಸಂಘಟನೆಯನ್ನು ಮುನ್ನಡೆಸಿದವರು ಮಗಳನ್ನು ಕೊಲೆಗಾರನ ಕೈಯಲ್ಲಿ ಕಳೆದುಕೊಂಡಿದ್ದ ಹ್ಯಾರಿಯೆಟ್ ಸಲಾರ್ನೊ. ಕಠಿಣ ಶಿಕ್ಷೆಗಳ ಪರವಾದ ಬೇಡಿಕೆ ಕಾವಲುಗಾರರ ಬಾಯಿಂದ ಬಂದರೆ ಉದ್ಯೋಗದ ಸ್ವಾರ್ಥವೆನಿಸಬಹುದಾಗಿತ್ತು. ನೊಂದ ತಾಯಿಯ ಬಾಯಿಂದ ಬಂದಾಗ ಅದನ್ನು ಎದುರಿಸುವ ಧೈರ್ಯ ಶಾಸಕರಿಗಿರಲಿಲ್ಲ. ಮೂರನೆಯ ಅಪರಾಧಕ್ಕೆ 25 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ವಿಧಿಸುವ 1994ರ ‘ಥ್ರೀ ಸ್ಟ್ರೈಕ್ಸ್’ ಕಾನೂನಿನ ಪರವಾದ ಜನಮತ ಪ್ರಚಾರಕ್ಕೆ ಸಂಘ ಒಂದು ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟಿತು. ಖಾಸಗಿ ಕಂಪನಿಗಳ ಸೆರೆಮನೆಗಳು ರಾಜ್ಯದಲ್ಲಿ ಬೇರೂರದಂತೆ ತಡೆಯುವಲ್ಲಿಯೂ ಸಂಘ ಬಹುಮಟ್ಟಿಗೆ ಗೆದ್ದಿತು: ಒಂದು ದೊಡ್ಡ ಕಂಪನಿ ಕ್ಯಾಲಿಫೋರ್ನಿಯಾ ಸಿಟಿಯಲ್ಲಿ ಕರಾರಿಲ್ಲದೆ ಮೊದಲೇ ಕಟ್ಟಿ ನಿಲ್ಲಿಸಿದ ಸೆರೆಮನೆಗೆ ರಾಜ್ಯ ಆಗ ಕೈದಿಗಳನ್ನು ಕಳಿಸಲಿಲ್ಲ, ಕೊನೆಗೆ ಅದು ಫೆಡರಲ್ ಸರ್ಕಾರದ ಬಳಕೆಗೆ ಹೋಯಿತು.

ರಾಜ್ಯದಲ್ಲಿ 1852ರಿಂದ 1984ರವರೆಗೆ ಕಟ್ಟಿದ್ದು 12 ಸೆರೆಮನೆಗಳನ್ನು. ಆನಂತರದ ಎರಡು ದಶಕಗಳಲ್ಲೇ 20ಕ್ಕೂ ಹೆಚ್ಚು ಎದ್ದವು. 1980ರಲ್ಲಿ ಸುಮಾರು 24,000 ಇದ್ದ ಕೈದಿಗಳ ಸಂಖ್ಯೆ 2006ರ ಹೊತ್ತಿಗೆ 1,70,000 ದಾಟಿತು. ಈ ಬೆಳವಣಿಗೆಯನ್ನು ಒಬ್ಬ ನಾಯಕನ ಅಥವಾ ಒಂದು ಸಂಘದ ಸೃಷ್ಟಿಯೆಂದು ಹೇಳುವ ಬರಹಗಳು ಅನೇಕವಿದ್ದರೂ ಅವು ಪೂರ್ತಿ ಒಪ್ಪುವಂಥವಲ್ಲ. ಮಾದಕವಸ್ತು ಕಾನೂನುಗಳು, 1976ರಲ್ಲಿ ನಿಗದಿತ ಅವಧಿಯ ಶಿಕ್ಷಾಪದ್ಧತಿಗೆ ಹೊರಳಿದ ರಾಜ್ಯದ ನೀತಿ ಮತ್ತು ಅಪರಾಧಭೀತಿಯ ಚುನಾವಣಾ ರಾಜಕೀಯ ಸಂಘ ಬಲಿಯುವ ಮುನ್ನವೇ ಕೆಲಸ ಮಾಡುತ್ತಿದ್ದವು. ಸಮಾಜಶಾಸ್ತ್ರಜ್ಞ ಜೋಶುವಾ ಪೇಜ್ 2011ರ ತಮ್ಮ ‘ದಿ ಟಫೆಸ್ಟ್ ಬೀಟ್’ ಗ್ರಂಥದಲ್ಲಿ ಸಂಘದ ಪಾತ್ರವನ್ನು ಇದಕ್ಕಿಂತ ಸೂಕ್ಷ್ಮವಾಗಿ ಗುರುತಿಸುತ್ತಾರೆ. ಅವರ ವಿವೇಚನೆಯಿಂದ ಹೊರಡುವ ತೀರ್ಮಾನವೆಂದರೆ, ಸಂಘದ ದೊಡ್ಡ ಪ್ರಭಾವ ಇದ್ದದ್ದು ಶಿಕ್ಷೆಯ ಅಲೆಯನ್ನು ಎಬ್ಬಿಸಿದ್ದಕ್ಕಿಂತ ಹೆಚ್ಚಾಗಿ ಅದು ಇಳಿಯದಂತೆ ನೋಡಿಕೊಂಡದ್ದರಲ್ಲಿ. ಸದಸ್ಯರ ದೃಷ್ಟಿಯಲ್ಲಂತೂ ನೋವಿ ಅವರ ಸಾಧನೆ ಪ್ರಶ್ನಾತೀತವಾಗಿತ್ತು: ಪೊಲೀಸರಿಗೆ ಸರಿದೂಗುವ ನಿವೃತ್ತಿವೇತನ, 16 ವಾರಗಳವರೆಗೆ ವಿಸ್ತರಿಸಿದ ತರಬೇತಿ, ಐದು ವರ್ಷಗಳಲ್ಲಿ ವೇತನವನ್ನು ಮೂರನೇ ಒಂದು ಭಾಗಕ್ಕೂ ಹೆಚ್ಚು ಏರಿಸಿದ 2002ರ ಒಪ್ಪಂದ, ಮತ್ತು ಇವೆಲ್ಲಕ್ಕಿಂತ ಮಿಗಿಲಾಗಿ ‘ರಾಜ್ಯದ ಅತಿ ಕಠಿಣ ಗಸ್ತು’ ತಮ್ಮದೆಂದು ಹೇಳಿಕೊಳ್ಳುವ ಆತ್ಮಗೌರವ.

ಆ ಆತ್ಮಗೌರವಕ್ಕೆ ಇನ್ನೊಂದು ಮುಖವೂ ಇತ್ತು. 1988ರಲ್ಲಿ ತೆರೆದ ಕೋರ್ಕೊರಾನ್ ಸೆರೆಮನೆಯಲ್ಲಿ ವೈರಿ ಗುಂಪುಗಳ ಕೈದಿಗಳನ್ನು ಒಂದೇ ಅಂಗಳಕ್ಕೆ ಬಿಟ್ಟು ಕಾದಾಟಕ್ಕೆ ಎಡೆಮಾಡಿಕೊಡಲಾಗುತ್ತಿದೆ, ಆಮೇಲೆ ಕಾದಾಟ ನಿಲ್ಲಿಸುವ ಹೆಸರಿನಲ್ಲಿ ಗುಂಡು ಹಾರಿಸಲಾಗುತ್ತಿದೆ ಎಂಬ ಆರೋಪವನ್ನು ಸಿಬ್ಬಂದಿಯಲ್ಲೇ ಕೆಲವರು ಹೊರಗೆಡಹಿದರು. ಈ ಸಂಬಂಧ ಮೊಕದ್ದಮೆ ಎದುರಿಸಿದ ಎಂಟು ಕಾವಲುಗಾರರನ್ನೂ ಫೆಡರಲ್ ನ್ಯಾಯಾಲಯ 2000ದ ಜೂನ್‌ನಲ್ಲಿ ಖುಲಾಸೆ ಮಾಡಿತು. ಆ ವಿಚಾರಣೆಗೆ ಮುನ್ನ ಸ್ಥಳೀಯ ದೂರದರ್ಶನ ವಾಹಿನಿಗಳಲ್ಲಿ ಕಾವಲುಗಾರರ ಕಷ್ಟವನ್ನು ಬಿಂಬಿಸುವ ಜಾಹೀರಾತುಗಳನ್ನು ಸಂಘ ಪ್ರಸಾರ ಮಾಡಿಸಿತ್ತು. ಆರೋಪ ಹೊತ್ತ ಸದಸ್ಯನ ಪರ ನಿಲ್ಲುವುದು ಪ್ರತಿನಿಧಿಯ ಧರ್ಮ, ಅದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಅಕ್ರಮ ಬಯಲಿಗೆಳೆದವರೂ ಅದೇ ಸಮವಸ್ತ್ರ ತೊಟ್ಟವರಾಗಿದ್ದರೆಂಬುದನ್ನು ನಾಯಕತ್ವ ಗಣನೆಗೆ ತೆಗೆದುಕೊಳ್ಳದಿದ್ದುದು ಗಂಭೀರ ನೈತಿಕ ವೈಫಲ್ಯ.

ನೋವಿ ಅವರ ಉತ್ತರಾಧಿಕಾರಿ ಮೈಕ್ ಜಿಮೆನೆಜ್ ಅವರ ಕಾಲಕ್ಕೆ ಗಾಳಿ ತಿರುಗಿತ್ತು. ಡೇವಿಸ್ 2003ರ ಮರುಕರೆ ಮತದಾನದಲ್ಲಿ ಅಧಿಕಾರ ಕಳೆದುಕೊಂಡರು. ನಂತರ ಬಂದ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಸಂಘದ ಹಣ ಬೇಡವೆಂದರು. 2006ರಲ್ಲಿ ಒಪ್ಪಂದದ ಅವಧಿ ಮುಗಿದಾಗ ಹೊಸದು ಕುದುರಲಿಲ್ಲ, ಮರುವರ್ಷ ಸರ್ಕಾರ ತನ್ನ ಷರತ್ತುಗಳನ್ನು ಏಕಪಕ್ಷೀಯವಾಗಿ ಹೇರಿತು. ಕೈದಿಗಳ ದಟ್ಟಣೆ ಸಂವಿಧಾನವಿರೋಧಿ ಮಟ್ಟ ಮುಟ್ಟಿದೆಯೆಂಬ ತೀರ್ಪನ್ನು ಸುಪ್ರೀಂ ಕೋರ್ಟ್ 2011ರ ‘ಬ್ರೌನ್ ವಿರುದ್ಧ ಪ್ಲಾಟಾ’ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಗಮನಾರ್ಹವೆಂದರೆ, ದಟ್ಟಣೆ ತಮ್ಮ ಸದಸ್ಯರ ಜೀವಕ್ಕೂ ಅಪಾಯವೆಂದು ಸಂಘ ಆ ಮೊಕದ್ದಮೆಯಲ್ಲಿ ಕೈದಿಗಳ ಪಕ್ಷದ ಜೊತೆಗೇ ನಿಂತಿತ್ತು. ಕೈದಿಯ ಮತ್ತು ಕಾವಲುಗಾರನ ಹಿತಗಳು ಒಂದೆಡೆ ಸೇರಬಲ್ಲವೆಂಬುದನ್ನು ಒಪ್ಪಿಕೊಂಡ ಈ ನಿಲುವಿಗೆ ಚರಿತ್ರಕಾರರು ಇನ್ನೂ ಹೆಚ್ಚಿನ ಬೆಲೆ ಕೊಡಬೇಕು.

ನ್ಯೂಯಾರ್ಕ್ ನಗರದ ಕಥೆಗೆ ರೈಕರ್ಸ್ ದ್ವೀಪವೇ ಕೇಂದ್ರ. ವಿಚಾರಣಾಧೀನ ಕೈದಿಗಳೇ ಹೆಚ್ಚಾಗಿರುವ ಈ ದ್ವೀಪವನ್ನು ನಗರಕ್ಕೆ ಜೋಡಿಸುವುದು ಒಂದೇ ಸೇತುವೆ. 1990ರ ಆಗಸ್ಟ್‌ನಲ್ಲಿ ಪ್ರತಿಭಟನಾನಿರತ ಕಾವಲುಗಾರರು ಅದನ್ನು ತಡೆದಾಗ, ಬಹಿರಂಗ ಮುಷ್ಕರ ಹೂಡದೆಯೂ ಇಡೀ ವ್ಯವಸ್ಥೆಯನ್ನು ಕಟ್ಟಿಹಾಕಬಹುದೆಂಬುದು ಸ್ಪಷ್ಟವಾಯಿತು. ಕಪ್ಪು ಮತ್ತು ಲ್ಯಾಟಿನೊ ಸದಸ್ಯರೇ ಬಹುಸಂಖ್ಯೆಯಲ್ಲಿರುವ ನಗರದ ಕಾವಲುಗಾರರ ಸಂಘಕ್ಕೆ 1995ರಲ್ಲಿ ನಾರ್ಮನ್ ಸೀಬ್ರೂಕ್ ಅಧ್ಯಕ್ಷರಾದರು. ಇಪ್ಪತ್ತೊಂದು ವರ್ಷ ಆ ಸ್ಥಾನದಲ್ಲಿದ್ದು, ಮೇಯರ್‌ಗಳೂ ಇಲಾಖಾ ಆಯುಕ್ತರೂ ಬದಲಾಗುತ್ತ ಹೋದಂತೆಲ್ಲ ತಮ್ಮ ಹಿಡಿತ ಬಿಗಿಗೊಳಿಸಿಕೊಂಡರು. 2013ರ ನವೆಂಬರ್‌ನಲ್ಲಿ ಕಾವಲುಗಾರರ ವಿರುದ್ಧ ಕೈದಿಯೊಬ್ಬ ಸಾಕ್ಷಿ ಹೇಳಬೇಕಿದ್ದ ದಿನವೇ ಕೈದಿಗಳನ್ನು ನ್ಯಾಯಾಲಯಕ್ಕೆ ಒಯ್ಯುವ ಬಸ್ಸುಗಳು ನಿಂತುಹೋದವು. ಬಸ್ಸುಗಳು ಸುರಕ್ಷಿತವಲ್ಲವೆಂಬುದು ಸಂಘ ಕೊಟ್ಟ ಕಾರಣ; ನಗರಾಡಳಿತ ಅದನ್ನು ಅಕ್ರಮ ಕೆಲಸ ನಿಲುಗಡೆಯೆಂದು ಕರೆದು ನ್ಯಾಯಾಲಯದ ಮೆಟ್ಟಿಲೇರಿತು.

ಸೀಬ್ರೂಕ್ ಅವರ ಪತನ ಬಂದದ್ದು ಆಡಳಿತದೊಂದಿಗಿನ ಕಾದಾಟದಿಂದಲ್ಲ, ಸದಸ್ಯರ ಹಣದಿಂದ. ಸಂಘದ 2 ಕೋಟಿ ಡಾಲರ್ ಹಣವನ್ನು ಪ್ಲಾಟಿನಮ್ ಪಾರ್ಟ್‌ನರ್ಸ್ ಎಂಬ ಹೂಡಿಕೆ ಸಂಸ್ಥೆಯಲ್ಲಿ ತೊಡಗಿಸಿ, ಅದಕ್ಕೆ ಪ್ರತಿಯಾಗಿ 60,000 ಡಾಲರ್ ಲಂಚವನ್ನು ದುಬಾರಿ ಕೈಚೀಲವೊಂದರಲ್ಲಿ ಪಡೆದರೆಂಬ ಆರೋಪದ ಮೇಲೆ 2016ರ ಜೂನ್‌ನಲ್ಲಿ ಅವರ ಬಂಧನವಾಯಿತು. ಮೊದಲ ವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 2018ರ ಎರಡನೆಯ ವಿಚಾರಣೆಯಲ್ಲಿ ಅಪರಾಧ ಸಾಬೀತಾಗಿ, ಮರುವರ್ಷ 58 ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ನ್ಯಾಯಾಧೀಶರು 2023ರಲ್ಲಿ ಅದನ್ನು ಕಡಿತಗೊಳಿಸಿದರು. ಹೂಡಿದ ಹಣದಲ್ಲಿ ಸುಮಾರು 1.9 ಕೋಟಿ ಡಾಲರ್ ಮುಳುಗಿಹೋಗಿತ್ತು, ಮತ್ತು ಅದರ ದೊಡ್ಡ ಭಾಗ ಕಾವಲುಗಾರರ ನಿವೃತ್ತಿ ಬದುಕಿಗಾಗಿ ಕೂಡಿಟ್ಟಿದ್ದ ನಿಧಿಯದು. ಒಬ್ಬರ ದುರಾಸೆಯಷ್ಟೇ ಇದನ್ನು ವಿವರಿಸಲಾರದು. ದೀರ್ಘಾವಧಿಯ ಅಧ್ಯಕ್ಷಗಿರಿ, ಅಧ್ಯಕ್ಷನ ಮಾತಿಗೆ ತಲೆಯಾಡಿಸುವ ಕಾರ್ಯಕಾರಿ ಸಮಿತಿ, ಹೊರಗಿನವರ ಪ್ರಶ್ನೆಯನ್ನೆಲ್ಲ ಶತ್ರುತ್ವವೆಂದು ಕಾಣುವ ಸಂಸ್ಕೃತಿ, ಇವು ಒಟ್ಟುಗೂಡಿದ ಕಡೆ ಲೆಕ್ಕ ಕೇಳುವವರೇ ಉಳಿದಿರಲಿಲ್ಲ.

1979ರಲ್ಲಿ ಮುಚ್ಚಿದ್ದ ದಾರಿಯನ್ನು ನ್ಯೂಯಾರ್ಕ್ ರಾಜ್ಯದ ಕಾವಲುಗಾರರು 2025ರ ಫೆಬ್ರವರಿಯಲ್ಲಿ ಮತ್ತೆ ತುಳಿದರು, ಈ ಬಾರಿ ನಾಯಕರನ್ನು ಬದಿಗಿಟ್ಟು. ಕೌನ್ಸಿಲ್ 82ರಿಂದ 1990ರ ದಶಕದ ಕೊನೆಯಲ್ಲಿ ಬೇರ್ಪಟ್ಟ ಹೊಸ ಸಂಘ ಈ ಮುಷ್ಕರಕ್ಕೆ ಕರೆಕೊಟ್ಟಿರಲಿಲ್ಲ, ಅನುಮೋದನೆಯನ್ನೂ ಕೊಡಲಿಲ್ಲ. ಸಿಬ್ಬಂದಿ ಕೊರತೆ, 24 ಗಂಟೆಗೂ ಮೀರುವ ಕಡ್ಡಾಯ ಪಾಳಿಗಳು ಮತ್ತು ಏಕಾಂತ ಬಂಧನವನ್ನು ಮಿತಿಗೊಳಿಸಿದ 2021ರ ಕಾಯ್ದೆಯ ಮೇಲಿನ ಸಿಟ್ಟು ಕಾವಲುಗಾರರನ್ನು ಹೊರಗೆಳೆದವು. ಕೈಕೋಳ ತೊಡಿಸಿದ ಕೈದಿ ರಾಬರ್ಟ್ ಬ್ರೂಕ್ಸ್ ಅವರನ್ನು ಮಾರ್ಸಿ ಸೆರೆಮನೆಯ ಸಿಬ್ಬಂದಿ ಬಡಿದು ಸಾಯಿಸಿದ 2024ರ ಡಿಸೆಂಬರ್‌ನ ಘಟನೆಯ ಮೊಕದ್ದಮೆಗಳು ಇನ್ನೂ ಆಗಷ್ಟೇ ಆರಂಭವಾಗುತ್ತಿದ್ದವು. ನ್ಯಾಷನಲ್ ಗಾರ್ಡ್ ಮತ್ತೊಮ್ಮೆ ಸೆರೆಮನೆಗಳಿಗೆ ಇಳಿಯಿತು. ಫೆಬ್ರವರಿ ಕೊನೆಯಲ್ಲಿ ಸಂಘದ ನಾಯಕರು ಸರ್ಕಾರದೊಡನೆ ಮಾಡಿಕೊಂಡ ಒಡಂಬಡಿಕೆಗೆ ಬಹಳಷ್ಟು ಸದಸ್ಯರು ಸೊಪ್ಪುಹಾಕಲಿಲ್ಲ. ಎರಡನೆಯ ಒಡಂಬಡಿಕೆಯ ನಂತರ, 22ನೆಯ ದಿನ, ಮಾರ್ಚ್ 10ರಂದು ಮುಷ್ಕರ ಮುಗಿದಾಗ ಕೆಲಸ ಕಳೆದುಕೊಂಡವರ ಸಂಖ್ಯೆ 2,000 ಮೀರಿತ್ತು.