ಬರದ ಹಾದಿ, ಪ್ರವಾಸದ ಹಾದಿ

ರೈಲಿನಲ್ಲಿ ನಾಲ್ಕಾರು ಊರುಗಳನ್ನು ಸುತ್ತಿ ಬರಬೇಕೆನ್ನುವ ಸಂಸಾರಕ್ಕೆ ಪ್ರವಾಸವು ಮನೆಯ ನಡುಮನೆಯಲ್ಲಿಯೇ ಆರಂಭವಾಗಿಬಿಡುತ್ತದೆ. 1978ರ ದಸರಾ ರಜೆಗೆ ಮುಂಚೆ, ಬೆಂಗಳೂರಿನ ಹನುಮಂತನಗರದ ನಮ್ಮ ಬಾಡಿಗೆ ಮನೆಯಲ್ಲಿ, ಅದು ಆರಂಭವಾದದ್ದು ಒಂದು ಚಾಪೆಯ ಮೇಲೆ. ಚಾಪೆಯ ನಡುವೆ ರೈಲ್ವೆ ವೇಳಾಪಟ್ಟಿ. ಪಕ್ಕದಲ್ಲಿ ನನ್ನ ಶಾಲೆಯ ಭೂಪಟ, ಒಂದು ನೋಟುಬುಕ್ಕು, ಕೆಂಪು ನೀಲಿ ಪೆನ್ಸಿಲು. ನಮ್ಮ ತಂದೆಯವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ನೌಕರರು ಹುಟ್ಟೂರಿಗೆ ಹೋಗಿಬರಲೆಂದು ಸರ್ಕಾರ 1956ರಲ್ಲಿ ಜಾರಿಗೆ ತಂದ ಪ್ರಯಾಣದ ರಿಯಾಯಿತಿಯು ಮುಂದೆ ದೇಶ ನೋಡುವುದಕ್ಕೂ ವಿಸ್ತರಿಸಿತ್ತು. ಎಲ್.ಟಿ.ಸಿ. ಎಂಬ ಆ ಮೂರಕ್ಷರಗಳು ಮಧ್ಯಮ ವರ್ಗದ ಎಷ್ಟೋ ಮನೆಗಳಿಗೆ ತೀರ್ಥಯಾತ್ರೆಯ ಹೊರತಾದ ಪ್ರವಾಸವನ್ನು ಮೊದಲ ಬಾರಿಗೆ ಪರಿಚಯಿಸಿದುವು.

ತಂದೆಯವರ ಯೋಜನೆಗೆ ಎರಡು ಸೂತ್ರಗಳಿದ್ದುವು. ರಾತ್ರಿ ಗಾಡಿಯಲ್ಲಿ, ಹಗಲು ಊರಿನಲ್ಲಿ ಎಂಬುದು ಮೊದಲನೆಯದು. ವಸತಿಯ ಖರ್ಚೂ ಉಳಿಯಿತು, ಹಗಲೂ ಉಳಿಯಿತು. ಬಿಡಾರ ಒಂದು ಕಡೆ, ಸುತ್ತಾಟ ನಾಲ್ಕು ಕಡೆ ಎಂಬುದು ಎರಡನೆಯದು. ಸಾಮಾನನ್ನು ನಿಲ್ದಾಣದ ಕ್ಲೋಕ್ ರೂಮಿನಲ್ಲಿಯೋ ಛತ್ರದಲ್ಲಿಯೋ ಇರಿಸಿ, ಬೆಳಿಗ್ಗೆ ಬಸ್ಸು ಹಿಡಿದು ಸಂಜೆಗೆ ಮರಳುವುದು. ಹೊಸಪೇಟೆಯಲ್ಲಿಳಿದರೆ ಹಂಪೆ, ಬಾದಾಮಿಯಲ್ಲಿಳಿದರೆ ಪಟ್ಟದಕಲ್ಲು ಮತ್ತು ಐಹೊಳೆ, ಕೊನೆಗೆ ಬಿಜಾಪುರ. ಹೋಗುವಾಗ ಗುಂತಕಲ್ಲು, ಬಳ್ಳಾರಿಗಳ ಮಾರ್ಗ. ಬರುವಾಗ ಹುಬ್ಬಳ್ಳಿ, ಹರಿಹರ, ಅರಸೀಕೆರೆಗಳ ಮಾರ್ಗ. ಭೂಪಟದ ಮೇಲೆ ನೀಲಿ ಪೆನ್ಸಿಲಿನಲ್ಲಿ ಎಳೆದಾಗ ಅದು ಒಂದು ಉಂಗುರವೂ, ಗದಗಿನಿಂದ ಉತ್ತರಕ್ಕೆ ಚಾಚಿದ ಒಂದು ಬೆರಳೂ ಆಗಿ ಕಾಣುತ್ತಿತ್ತು.

ಉಂಗುರಕ್ಕೆಂದೇ ರೈಲ್ವೆಯಲ್ಲಿ ಸುತ್ತು ಪ್ರಯಾಣದ ಟಿಕೆಟ್ಟೊಂದುಂಟು. ಹೊರಟ ಊರಿಗೇ ಬಂದು ಮುಗಿಯುವ ಪ್ರಯಾಣವನ್ನು, ಒಟ್ಟು ದೂರದ ಅರ್ಧರ್ಧ ಅಳತೆಯ ಎರಡು ಪ್ರಯಾಣಗಳೆಂದು ಎಣಿಸಿ ಅದರ ದರ ಕಟ್ಟುತ್ತಾರೆ. ದೂರ ಹೆಚ್ಚಿದಂತೆ ಮೈಲಿಗೆ ಬೀಳುವ ದರ ಕಡಿಮೆಯಾಗುವುದರಿಂದ, ಊರೂರಿಗೆ ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಇದು ಅಗ್ಗ. ನಡುವೆ ಎಂಟು ಕಡೆಗಳವರೆಗೆ ಇಳಿದು ತಂಗಬಹುದು. ಈ ಲೆಕ್ಕವನ್ನು ತಂದೆಯವರು ನಮಗೆ ವಿವರಿಸಿದ ಉತ್ಸಾಹವನ್ನು ನೆನೆದರೆ ಈಗಲೂ ನಗು ಬರುತ್ತದೆ. ತಾಯಿಯವರ ಯೋಜನೆ ಬೇರೆ: ಎರಡು ದಿನಕ್ಕೆ ಚಪಾತಿ, ಆಮೇಲೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿಟ್ಟು, ಅವಲಕ್ಕಿ, ನೀರಿಗೆ ಒಂದು ಕೂಜ. ಎಪ್ಪತ್ತೈದು ವರ್ಷದ ನಮ್ಮಜ್ಜಿ ಮಾತ್ರ ಈ ಯಾವುದರಲ್ಲಿಯೂ ಸೇರದೆ, ಹೊರಡುವ ದಿನ ಒಂದು ಸೇರು ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಹೋಲ್ಡಾಲಿನೊಳಗೆ ತುರುಕಿದರು. ಏಕೆಂದು ಕೇಳಿದರೆ ಹೇಳಲಿಲ್ಲ.

ಹಂಪೆಯನ್ನು ಕಂಡು, ಹೊಸಪೇಟೆಯಿಂದ ಹೊರಟು ಗದಗಿನಲ್ಲಿ ಇಳಿದಾಗ ಯೋಜನೆ ಮುರಿಯಿತು. ತಪ್ಪು ತಂದೆಯವರದೇ. ಬಾದಾಮಿಯ ಕಡೆಗೆ ಹೋಗುವ ಗಾಡಿಯ ಅಂಕಣವನ್ನು ನೋಡುವ ಬದಲು ಅತ್ತಲಿಂದ ಬರುವ ಗಾಡಿಯ ಅಂಕಣವನ್ನು ನೋಡಿ ಹೊತ್ತು ಗುರುತು ಹಾಕಿಕೊಂಡಿದ್ದರು. ನಮಗೆ ಅನುಕೂಲವಾದ ಮುಂದಿನ ಗಾಡಿ ಮರುದಿನದ್ದು. ಇಡೀ ಒಂದು ದಿನ ಹೋಯಿತೆಂದು ಅವರು ಪ್ಲಾಟ್‌ಫಾರಮ್ಮಿನ ಮೇಲೆ ನೋಟುಬುಕ್ಕನ್ನು ತಿರುವುತ್ತ ಪೇಚಾಡುತ್ತಿದ್ದರು. ಆಗ ಹೋಲ್ಡಾಲಿನ ಮೇಲೆ ಕುಳಿತಿದ್ದ ಅಜ್ಜಿ ಬಾಯಿಬಿಟ್ಟರು.

“ಒಂದು ಗಾಡಿ ತಪ್ಪಿದ್ದಕ್ಕೆ ಇಷ್ಟೊಂದು ಕೊರಗ್ತೀಯಲ್ಲಪ್ಪ. ನಮ್ಮಜ್ಜಿ ಮದ್ದೂರು ಹತ್ತಿರ ರೈಲುದಾರಿಗೆ ಮಣ್ಣು ಹೊತ್ತವಳು. ಆ ದಾರೀಲಿ ಗಾಡಿ ಓಡೋ ಹೊತ್ತಿಗೆ ಅವಳ ಇಬ್ಬರು ತಮ್ಮಂದಿರೂ ಇರಲಿಲ್ಲ.”

ತಂದೆಯವರು ನೋಟುಬುಕ್ಕನ್ನು ಮುಚ್ಚಿದರು. ಅಜ್ಜಿ ಮತ್ತೆ ಮಾತನಾಡಲಿಲ್ಲ. ಆ ಒಂದು ಮಾತಿನ ಹಿಂದೆ ಇದ್ದ ಚರಿತ್ರೆ ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಅದನ್ನೇ ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಮದ್ರಾಸಿನ ಕಡೆಯಿಂದ, ಜೋಲಾರಪೇಟೆಯ ಮಾರ್ಗವಾಗಿ. ಅದು ದಂಡು ಪ್ರದೇಶಕ್ಕೆ ಬಂದು ನಿಂತಿತು. ಅಲ್ಲಿಂದಾಚೆಗೆ, ಮೈಸೂರು ಸಂಸ್ಥಾನದ ಒಳನಾಡಿನಲ್ಲಿ, ಎತ್ತಿನ ಗಾಡಿಯೇ ಗತಿ. ಹನ್ನೆರಡು ವರ್ಷಗಳ ಮೇಲೆ ಮಳೆ ಕೈಕೊಟ್ಟಿತು. 1876ರಿಂದ 78ರವರೆಗಿನ ಆ ಕ್ಷಾಮವನ್ನು ನಮ್ಮ ಹಿರಿಯರು ಸಂವತ್ಸರಗಳ ಹೆಸರಿನಿಂದ ಧಾತು–ಈಶ್ವರ ಬರವೆಂದು ಕರೆದರು. ಮದ್ರಾಸಿನಿಂದ ಧಾನ್ಯವು ಹಳಿಯ ಮೇಲೆ ಬೆಂಗಳೂರಿನವರೆಗೆ ಬಂದಿತು; ಮುಂದೆ ಸಾಗಿಸಲು ಎತ್ತುಗಳೇ ಇರಲಿಲ್ಲ. ಮೇವಿಲ್ಲದೆ ಅವು ಮನುಷ್ಯರಿಗಿಂತ ಮೊದಲೇ ಸತ್ತಿದ್ದುವು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ಮೀರಿತ್ತು. 1881ರಲ್ಲಿ ಅದು 42 ಲಕ್ಷವನ್ನೂ ಮುಟ್ಟಲಿಲ್ಲ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನ ಹೀಗೆ ಕರಗಿದ್ದರು.

ಬೆಂಗಳೂರು–ಮೈಸೂರು ರೈಲುಮಾರ್ಗದ ಮಣ್ಣಿನ ಕೆಲಸ ಆರಂಭವಾದದ್ದು ಈ ಬರದಲ್ಲಿ, ಹಸಿದವರಿಗೆ ಕೂಲಿ ಒದಗಿಸುವ ಕಾಮಗಾರಿಯಾಗಿ. ಸುಮಾರು 86 ಮೈಲುಗಳ ಆ ಮಾರ್ಗದಲ್ಲಿ ಚನ್ನಪಟ್ಟಣದವರೆಗೆ 1881ರಲ್ಲಿಯೂ, ಮೈಸೂರಿನವರೆಗೆ 1882ರಲ್ಲಿಯೂ ಗಾಡಿ ಓಡಿತು. ಅಜ್ಜಿಯ ಅಜ್ಜಿ ಬುಟ್ಟಿ ಹೊತ್ತದ್ದು ಈ ದಾರಿಗೆ.

ಗಡಿಯಾಚೆ, ಮದ್ರಾಸು ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿಯ ಸೀಮೆಯಲ್ಲಿ, ಕ್ಷಾಮ ಇನ್ನೂ ಕ್ರೂರವಾಗಿತ್ತು. 1877ರ ಆರಂಭದಲ್ಲಿ, ಸರ್ಕಾರದ ಖರ್ಚನ್ನು ತಗ್ಗಿಸಲೆಂದು ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದನು. ಒಂದು ಪೌಂಡೆಂದರೆ ಅರ್ಧ ಕಿಲೋವೂ ಆಗದು. ದಿನವಿಡೀ ಮಣ್ಣು ಹೊರುವವನ ದೇಹ ಇದರಲ್ಲಿ ಉಳಿಯದೆಂದು ಮದ್ರಾಸಿನ ಆರೋಗ್ಯ ಅಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದರು. ಕೆಲವು ತಿಂಗಳ ಮೇಲೆ ಕೂಲಿಯನ್ನು ಏರಿಸಿದರಾದರೂ ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಬರದ ನಂತರ ನೇಮಕವಾದ ಬರಗಾಲ ಆಯೋಗವು 1880ರಲ್ಲಿ, ಒಣನಾಡುಗಳಿಗೆ ಧಾನ್ಯ ಮುಟ್ಟಿಸುವ ರಕ್ಷಣೆಯ ರೈಲುಮಾರ್ಗಗಳು ಬೇಕೆಂದು ಶಿಫಾರಸು ಮಾಡಿತು. ಸದರನ್ ಮರಾಠಾ ರೈಲ್ವೆ ಎಂಬ ಕಂಪನಿ 1882ರಲ್ಲಿ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಹೋಟಗಿಯಿಂದ ಬಿಜಾಪುರ, ಬಾದಾಮಿಗಳ ಮೇಲೆ ಗದಗಿಗೆ. ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳಗಳ ಮೇಲೆ ಗದಗಿಗೆ. ಅಲ್ಲಿಂದ ಹುಬ್ಬಳ್ಳಿ, ಧಾರವಾಡಗಳಿಗೆ: ಎಲ್ಲವೂ 1880ರ ದಶಕದ ಮೀಟರ್ ಗೇಜ್ ಹಾದಿಗಳು. ಇತ್ತ ಬೆಂಗಳೂರಿನಿಂದ ಹೊರಟ ಹಳಿ 1884ರಲ್ಲಿ ತುಮಕೂರನ್ನೂ 1889ರಲ್ಲಿ ಹರಿಹರವನ್ನೂ ಮುಟ್ಟಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮುನ್ನವೇ ನಮ್ಮ ತಂದೆಯವರು ನೀಲಿ ಪೆನ್ಸಿಲಿನಲ್ಲಿ ಎಳೆದ ಉಂಗುರ ನೆಲದ ಮೇಲೆ ಪೂರ್ಣವಾಗಿತ್ತು. ಪ್ರವಾಸದ ನಕ್ಷೆಯೆಂದು ಅವರು ತಿಳಿದದ್ದು ಬಹುಮಟ್ಟಿಗೆ ಬರದ ನಕ್ಷೆಯೇ ಆಗಿದ್ದಿತು.

ಇದರಿಂದ, ರೈಲು ಕೇವಲ ದಯೆಯ ಫಲವೆಂದು ಯಾರೂ ಭಾವಿಸಬೇಕಾಗಿಲ್ಲ. ಧಾನ್ಯವನ್ನು ತರುವ ಗಾಡಿಯೇ ಹತ್ತಿಯನ್ನೂ ಧಾನ್ಯವನ್ನೂ ಬಂದರಿಗೆ ಒಯ್ಯಬಲ್ಲದು. ಕೆರೆ ಕಾಲುವೆಗಳಿಗೆ ಸಲ್ಲಬೇಕಾಗಿದ್ದ ಹಣ ಹಳಿಗಳಿಗೆ ಹರಿಯಿತೆಂದು ರಮೇಶಚಂದ್ರ ದತ್ತರು ಆಕ್ಷೇಪಿಸಿದರು. ಆ ವಾದದಲ್ಲಿ ಹುರುಳಿದೆ. ಆದರೂ ಒಂದು ವಿಚಿತ್ರ ನಡೆಯಿತು. ಹಸಿವಿಗಾಗಿ ಹಾಕಿದ ಹಳಿಗಳು ಚಾಲುಕ್ಯರ, ವಿಜಯನಗರದ, ಆದಿಲ್‌ಶಾಹಿಗಳ ರಾಜಧಾನಿಗಳ ಮಗ್ಗುಲಲ್ಲಿಯೇ ಹಾದುಹೋದುವು. ಒಂದು ಕಾಲದಲ್ಲಿ ಸಾಮ್ರಾಜ್ಯಗಳನ್ನು ಸಾಕಿದ ನೆಲವೇ ಈಗ ಬರದ ನೆಲವಾಗಿತ್ತು. ಹಾಳುಬಿದ್ದಿದ್ದ ಬಿಜಾಪುರಕ್ಕೆ ರೈಲು ಬಂದ ಹೊಸತರಲ್ಲಿಯೇ, 1885ರಲ್ಲಿ, ಜಿಲ್ಲೆಯ ಮುಖ್ಯ ಠಾಣ್ಯವನ್ನು ಕಲಾದಗಿಯಿಂದ ಅಲ್ಲಿಗೆ ಸಾಗಿಸಿ ಹಳೆಯ ಮಹಲುಗಳಲ್ಲಿ ಕಚೇರಿಗಳನ್ನು ತೆರೆದರು.

ಆ ಉಂಗುರದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಬೆಂಗಳೂರು ಮೈಸೂರು ಸಂಸ್ಥಾನದ್ದು. ಬಳ್ಳಾರಿ, ಹೊಸಪೇಟೆಗಳು ಮದ್ರಾಸಿನವು. ಕೊಪ್ಪಳ ಹೈದರಾಬಾದಿನ ನಿಜಾಮರದು. ಗದಗು, ಬಾದಾಮಿ, ಬಿಜಾಪುರಗಳು ಮುಂಬಯಿಯವು. ಗಾಡಿಯೊಳಗೆ ಕುಳಿತ ಕನ್ನಡಿಗನು ಕನ್ನಡವನ್ನೇ ಕೇಳುತ್ತ ನಾಲ್ಕು ಆಡಳಿತಗಳನ್ನು ದಾಟುತ್ತಿದ್ದನು. ಕಿಟಕಿಯಿಂದ ನೋಡುವವನಿಗೆ ಗಡಿ ಎಲ್ಲಿಯೂ ಕಾಣದು. ಧಾರವಾಡದ ಆಲೂರು ವೆಂಕಟರಾಯರು ಹಂಪೆಯನ್ನು ಕಂಡದ್ದು 1905ರಲ್ಲಿ. ಆ ದರ್ಶನವೇ ತಮ್ಮ ಬಾಳನ್ನು ತಿರುಗಿಸಿತೆಂದು ಅವರು ಹೇಳಿಕೊಂಡಿದ್ದಾರೆ. 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರಬಂದಿತು. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಹಂಪೆಯ ಪ್ರವಾಸವನ್ನು ಕನ್ನಡ ಸಾಹಿತ್ಯದ ಆಸ್ತಿಯನ್ನಾಗಿ ಮಾಡಿತು. ಏಕೀಕರಣವಾದದ್ದು 1956ರಲ್ಲಿ. ಅದನ್ನು ಸಾಧಿಸಿದ್ದು ರೈಲೆಂದು ನಾನು ಹೇಳುವುದಿಲ್ಲ. ಅದು ಜನರ ಹೋರಾಟದ ಫಲ. ಆದರೆ ಚದುರಿದ್ದ ನಾಡನ್ನು ಒಂದೇ ಪ್ರಯಾಣದಲ್ಲಿ ಕಣ್ಣಾರೆ ನೋಡುವ ಅನುಕೂಲವನ್ನು ಈ ಹಾದಿ ಅರ್ಧ ಶತಮಾನಕ್ಕೂ ಮೊದಲೇ ಒದಗಿಸಿತ್ತು.

ಇನ್ನು ಗದಗಿಗೆ ಮರಳೋಣ. ನಷ್ಟವೆಂದು ಬಗೆದ ಆ ದಿನವೇ ನಮ್ಮ ಪ್ರವಾಸದ ಸಾರವಾಯಿತು. ಬೆಳಿಗ್ಗೆ ವೀರನಾರಾಯಣನ ಗುಡಿಗೆ ಹೋದೆವು. ಕುಮಾರವ್ಯಾಸನು ಕುಳಿತು ಭಾರತವನ್ನು ಬರೆದನೆಂದು ಹೇಳುವ ಕಂಬದ ಎದುರು ತಂದೆಯವರು ಬಹಳ ಹೊತ್ತು ನಿಂತರು. ಮನೆಯಲ್ಲಿ ರಾತ್ರಿಯ ಹೊತ್ತು ಅವನ ಷಟ್ಪದಿಗಳನ್ನು ರಾಗವಾಗಿ ಓದುತ್ತಿದ್ದವರು ಅವರು. ಆದರೂ ಅವರ ಯೋಜನೆಯಲ್ಲಿ ಗದಗು ಬರಿಯ ಗಾಡಿ ಬದಲಿಸುವ ಜಂಕ್ಷನ್ನಾಗಿತ್ತು! ಮಧ್ಯಾಹ್ನ ಬಸ್ಸಿನಲ್ಲಿ ಹನ್ನೊಂದು ಹನ್ನೆರಡು ಕಿಲೋಮೀಟರು ದೂರದ ಲಕ್ಕುಂಡಿಗೆ ಹೋಗಿ, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿಯನ್ನು ಕಂಡೆವು. ರನ್ನನಿಗೆ ಆಶ್ರಯವಿತ್ತವಳು, ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಆಕೆ. ಸಂಜೆ ನಿಲ್ದಾಣಕ್ಕೆ ಮರಳುವಾಗ ಅಜ್ಜಿ ತಮ್ಮ ಬಟ್ಟೆಯ ಗಂಟನ್ನು ಬಿಚ್ಚಿ, ಸೇರಕ್ಕಿಯನ್ನು ಮೆಟ್ಟಿಲ ಬಳಿ ಕೂಸನ್ನೆತ್ತಿಕೊಂಡು ಕುಳಿತಿದ್ದ ಹೆಂಗಸೊಬ್ಬಳ ಸೆರಗಿಗೆ ಸುರಿದರು. ಧಾತು–ಈಶ್ವರ ಬರ ಮುಗಿದು ಆ ವರ್ಷಕ್ಕೆ ನೂರು ವರ್ಷವೆಂಬುದು ಅವರಿಗೆ ತಿಳಿದಿರಲಾರದು. ರೈಲು ಹತ್ತುವಾಗ ಅಕ್ಕಿ ಕೊಂಡೊಯ್ಯಬೇಕೆಂಬುದಷ್ಟೇ ಅವರ ಮನೆಯಲ್ಲಿ ಉಳಿದಿದ್ದ ಚರಿತ್ರೆ.

ಅನಂತರ ಬಾದಾಮಿಯ ಗುಹೆಗಳು, ಕಪ್ಪೆ ಅರಭಟ್ಟನ ತ್ರಿಪದಿಯ ಶಾಸನ; ಪಟ್ಟದಕಲ್ಲು; ಐಹೊಳೆಯ ಮೇಗುತಿಯಲ್ಲಿ 634ರ ರವಿಕೀರ್ತಿಯ ಶಾಸನ; ಬಿಜಾಪುರದಲ್ಲಿ ಗೋಳಗುಮ್ಮಟ. ಎಲ್ಲವನ್ನೂ ಕಂಡೆವು. ಗಾಡಿ ಏರಿಯ ಮೇಲೆ ಹೋಗುವಾಗೆಲ್ಲ, ಇದು ಯಾರು ಹೊತ್ತ ಮಣ್ಣೋ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ.

ಅಂದಿನಿಂದ ಈಚೆಗೆ ಹಾದಿ ಬಹಳ ಬದಲಾಗಿದೆ. 1992ರಲ್ಲಿ ಆರಂಭವಾದ ಏಕ ಗೇಜ್ ಯೋಜನೆಯ ಫಲವಾಗಿ ಮೀಟರ್ ಗೇಜ್ ಮರೆಯಾಯಿತು. ಹಂಪೆ 1986ರಲ್ಲಿಯೂ ಪಟ್ಟದಕಲ್ಲು 1987ರಲ್ಲಿಯೂ ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿಯೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. 2014ರಲ್ಲಿ ಬಿಜಾಪುರ ವಿಜಯಪುರವಾಯಿತು. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೊಸ ಹಾದಿ ತೆರೆಯಿತು. ಅದೇ ವರ್ಷ ಬೆಂಗಳೂರು–ಮೈಸೂರು ಜೋಡಿಹಳಿಯ ಕೆಲಸಕ್ಕೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನಮನೆಯೊಂದು ಅಡ್ಡವಾದಾಗ, ಅದನ್ನು ಕೆಡವದೆ, ಬುಡಸಹಿತ ಎತ್ತಿ ಕೆಲವು ನೂರು ಅಡಿ ಆಚೆಗೆ ಸರಿಸಿ ಕೂರಿಸಿದರು. ಹಿಂದೆ ಕೋಟೆಯನ್ನೇ ಸೀಳಿಕೊಂಡು ಹೋದ ಹಳಿ ಈಗ ಒಂದು ಮದ್ದಿನಮನೆಗಾಗಿ ಕಾದು ನಿಂತದ್ದು ನಮ್ಮ ಇತಿಹಾಸಪ್ರಜ್ಞೆಯ ಬೆಳವಣಿಗೆಯೆಂದೇ ನಾನು ಎಣಿಸುತ್ತೇನೆ.

ಯೋಜನೆಯೂ ಚಾಪೆಯಿಂದ ಕೈಯೊಳಗಿನ ದೂರವಾಣಿಗೆ ಬಂದಿದೆ. ಆದರೆ ಸೂತ್ರಗಳು ಬದಲಾಗಿಲ್ಲ. ರಾತ್ರಿ ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವರು ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿಯಬಹುದು. ಅಲ್ಲಿಂದ ಹಂಪೆ ಹದಿಮೂರು ಕಿಲೋಮೀಟರು. ಬಾದಾಮಿಯಲ್ಲಿ ನಿಲ್ದಾಣವು ಊರಿನಿಂದ ಐದು ಕಿಲೋಮೀಟರಿನಷ್ಟು ದೂರವೆಂಬುದನ್ನು ಮರೆಯಬಾರದು. ಅಲ್ಲಿ ಎರಡು ರಾತ್ರಿ ತಂಗಿದರೆ ಪಟ್ಟದಕಲ್ಲು, ಐಹೊಳೆಗಳನ್ನು ಒಂದು ಹಗಲಿನಲ್ಲಿ ನೆಮ್ಮದಿಯಾಗಿ ನೋಡಿ ಬರಬಹುದು. ಗಾಡಿ ಬದಲಿಸುವ ಊರನ್ನು ಬರಿಯ ಜಂಕ್ಷನ್ನೆಂದು ಎಣಿಸದೆ, ಅಲ್ಲಿಗೂ ಅರ್ಧ ದಿನ ಮೀಸಲಿಡಬೇಕು. ನಮ್ಮ ತಂದೆಯವರು ಮುಂದಿನ ಎಲ್ಲ ಪ್ರವಾಸಗಳ ನೋಟುಬುಕ್ಕಿನಲ್ಲಿಯೂ ಒಂದು ದಿನದ ಅಂಕಣವನ್ನು ಏನೂ ಬರೆಯದೆ ಬಿಡುತ್ತಿದ್ದರು. ಕೇಳಿದವರಿಗೆ “ಅದು ಗದಗಿನ ದಿನ” ಎನ್ನುತ್ತಿದ್ದರು.

ಈ ರಜೆಯಲ್ಲಿ ಹೊರಡುವ ಶ್ರೋತೃಗಳು ತಮ್ಮ ಪಟ್ಟಿಯಲ್ಲಿ ಅಂಥ ಒಂದು ದಿನವನ್ನು ಬಿಟ್ಟುಕೊಳ್ಳಲಿ. ಬುತ್ತಿ ಬಿಚ್ಚುವ ಹೊತ್ತಿನಲ್ಲಿ, ದಿನಕ್ಕೊಂದು ಪೌಂಡು ಧಾನ್ಯಕ್ಕೆ ದುಡಿದ ಕೈಗಳನ್ನು ಮಕ್ಕಳಿಗೆ ಒಂದು ಮಾತಿನಲ್ಲಿ ನೆನಪಿಸಿದರೆ, ಅಲ್ಲಿಯ ಶಿಲ್ಪಗಳಷ್ಟೇ ಆ ಏರಿಯೂ ನೋಡತಕ್ಕದ್ದೆಂದು ಅವರಿಗೆ ತೋರೀತು.