ಗೇಮ್ ಕನ್ಸೋಲ್‌ಗಳ ಮುಕ್ತ ಮಳಿಗೆ

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಸ್ವಿಚ್ ಮೊದಲಾದ ಆಟದ ಯಂತ್ರಗಳಲ್ಲಿ ತಯಾರಕರ ಮಳಿಗೆಯಿಂದ ಮಾತ್ರವಲ್ಲದೆ ಇತರ ಮಳಿಗೆಗಳಿಂದಲೂ ಆಟಗಳನ್ನು ಕೊಳ್ಳಲು, ಕಂಪ್ಯೂಟರಿಗಾಗಿ ಸಿದ್ಧವಾದ ಆಟಗಳನ್ನೂ ಆಡಲು ಅವಕಾಶವಿರಬೇಕೆಂಬ ವಿಚಾರವೇ ಗೇಮ್ ಕನ್ಸೋಲ್‌ಗಳ ಮುಕ್ತ ಮಳಿಗೆ. ಕಂಪ್ಯೂಟರಿನಲ್ಲಿ ಸ್ಟೀಮ್, ಎಪಿಕ್ ಮುಂತಾದ ಹಲವು ಮಳಿಗೆಗಳು ಒಟ್ಟಿಗೆ ಇರುತ್ತವೆ. ಕನ್ಸೋಲಿನಲ್ಲಿ ಯಂತ್ರವನ್ನು ಮಾರಿದವನೇ ಅದರೊಳಗಿನ ಏಕೈಕ ಅಂಗಡಿಕಾರನೂ ಆಗಿರುತ್ತಾನೆ.

ಹಿನ್ನೆಲೆ

1977ರಲ್ಲಿ ಮಾರುಕಟ್ಟೆಗೆ ಬಂದ ಅಟಾರಿ 2600 ಯಂತ್ರಕ್ಕೆ ಯಾರು ಬೇಕಾದರೂ ಆಟ ರಚಿಸಬಹುದಾಗಿತ್ತು. ಅಟಾರಿಯನ್ನು ತೊರೆದ ಪ್ರೋಗ್ರಾಮರುಗಳು 1979ರಲ್ಲಿ ಆಕ್ಟಿವಿಷನ್ ಕಂಪನಿಯನ್ನು ಕಟ್ಟಿದ ಮೇಲೆ ಹೊರಗಿನವರ ಆಟಗಳು ಹೆಚ್ಚಿದವು. ಅವುಗಳಲ್ಲಿ ಕಳಪೆಯೂ ಸೇರಿ, 1983ರಲ್ಲಿ ಅಮೆರಿಕದ ವಿಡಿಯೊ ಗೇಮ್ ವ್ಯಾಪಾರ ಕುಸಿಯಿತು. ಈ ಅನುಭವದಿಂದ ಪಾಠ ಕಲಿತ ನಿಂಟೆಂಡೊ, 1985ರಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿದ ಯಂತ್ರದಲ್ಲಿ ಬೀಗದ ಚಿಪ್ ಅಳವಡಿಸಿತು. ಅನುಮತಿ ಪಡೆಯದ ಕಾರ್ಟ್ರಿಡ್ಜ್ ಅದರಲ್ಲಿ ನಡೆಯುತ್ತಿರಲಿಲ್ಲ.

ಜಪಾನಿನಲ್ಲಿ 1983ರಲ್ಲಿ ಬಂದಿದ್ದ ಇದೇ ಯಂತ್ರದ ಮೂಲರೂಪ ಫ್ಯಾಮಿಕಾಮ್‌ಗೆ ಈ ಬೀಗವಿರಲಿಲ್ಲ. ಆದ್ದರಿಂದ ಅದರ ಅನಧಿಕೃತ ನಕಲುಗಳು ಏಷ್ಯಾದಾದ್ಯಂತ ಹರಡಿದವು. 1990ರ ದಶಕದಲ್ಲಿ ಕರ್ನಾಟಕದ ಪಟ್ಟಣಗಳ ಮಕ್ಕಳು 'ಕ್ಯಾಸೆಟ್' ಹಾಕಿ ಆಡಿದ ಟಿ.ವಿ. ಗೇಮ್‌ಗಳು ಬಹುಪಾಲು ಈ ನಕಲುಗಳೇ. ಆ ಪೀಳಿಗೆ ಕಂಡ ಕನ್ಸೋಲ್, ಅರಿವಿಲ್ಲದೆಯೇ, ಬೀಗವಿಲ್ಲದ ಕನ್ಸೋಲ್ ಆಗಿತ್ತು.

2001ರ ಮೊದಲ ಎಕ್ಸ್‌ಬಾಕ್ಸ್ ಇಂಟೆಲ್ ಪ್ರೊಸೆಸರ್ ಮತ್ತು ಹಾರ್ಡ್ ಡಿಸ್ಕ್ ಹೊಂದಿತ್ತು. 2013ರ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎರಡೂ ಎ.ಎಂ.ಡಿ. ಕಂಪನಿಯ ಕಂಪ್ಯೂಟರ್ ಮಾದರಿಯ ಚಿಪ್ಪುಗಳನ್ನು ಬಳಸಿದವು. ಅಲ್ಲಿಂದೀಚೆಗೆ ಈ ಎರಡು ಯಂತ್ರಗಳ ಬೀಗ ಯಂತ್ರರಚನೆಯ ಅನಿವಾರ್ಯತೆಯಾಗಿ ಉಳಿಯದೆ, ಬಹುಮಟ್ಟಿಗೆ ವ್ಯಾಪಾರದ ನಿರ್ಧಾರವಾಗಿದೆ.

ವ್ಯಾಪಾರದ ಲೆಕ್ಕ

ಕನ್ಸೋಲನ್ನು ಸಾಮಾನ್ಯವಾಗಿ ಅಸಲಿಗೆ ಸಮೀಪದ ಅಥವಾ ಅದಕ್ಕಿಂತ ಕಡಿಮೆ ಬೆಲೆಗೆ ಮಾರಿ, ಪ್ರತಿ ಆಟದ ಮಾರಾಟದಿಂದ ಸುಮಾರು ಶೇ. 30ರಷ್ಟು ಪಾಲನ್ನು ಪಡೆಯುವುದು ರೂಢಿ. ಎಪಿಕ್ ಕಂಪನಿ ಆ್ಯಪಲ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 2021ರ ಮೇ ತಿಂಗಳಲ್ಲಿ, ಎಕ್ಸ್‌ಬಾಕ್ಸ್ ಯಂತ್ರಗಳ ಮಾರಾಟದಿಂದ ತಮಗೆ ಎಂದೂ ಲಾಭ ಬಂದಿಲ್ಲವೆಂದು ಮೈಕ್ರೋಸಾಫ್ಟ್ ಅಧಿಕಾರಿಯೊಬ್ಬರು ಸಾಕ್ಷ್ಯ ನುಡಿದರು. ಬೇರೆ ಮಳಿಗೆಗಳಿಗೆ ಬಾಗಿಲು ತೆರೆದರೆ ಈ ಪಾಲು ಕೈತಪ್ಪಿ ಯಂತ್ರದ ಬೆಲೆ ಏರುತ್ತದೆಂಬುದು ವಿರೋಧಿಗಳ ಮುಖ್ಯ ವಾದ. ಇದು ತಳ್ಳಿಹಾಕುವಂಥದ್ದಲ್ಲ.

ದೇವದುರ್ಗ, ಮಾನ್ವಿ ತಾಲ್ಲೂಕುಗಳ ರೈತರು ಹತ್ತಿಯನ್ನು ರಾಯಚೂರಿನ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ತರುವ ಕ್ರಮದೊಂದಿಗೆ ಇದನ್ನು ಹೋಲಿಸಿ ನೋಡಬಹುದು. ಪ್ರಾಂಗಣದ ಹೊರಗೂ ಖರೀದಿಗೆ ಅವಕಾಶ ನೀಡಿದ 2020ರ ತಿದ್ದುಪಡಿಯ ಸಂದರ್ಭದಲ್ಲಿ, ಶುಲ್ಕ ಕಟ್ಟುವವರಿಲ್ಲದಿದ್ದರೆ ಪ್ರಾಂಗಣವನ್ನು ನಡೆಸುವವರು ಯಾರು ಎಂಬ ಪ್ರಶ್ನೆಯೇ ಎದ್ದಿತ್ತು. ವ್ಯತ್ಯಾಸವೂ ಇದೆ: ಎ.ಪಿ.ಎಂ.ಸಿ. ಕಾನೂನಿನಿಂದ ರಚಿತವಾದ ಸಾರ್ವಜನಿಕ ಸಂಸ್ಥೆ. ಕನ್ಸೋಲಿನ ಮಳಿಗೆ ಖಾಸಗಿ ಸ್ವತ್ತು. ಅದರ ಶುಲ್ಕವನ್ನು ಮಾಲೀಕನೇ ನಿಗದಿಪಡಿಸುತ್ತಾನೆ.

ಭಾರತದ ಗ್ರಾಹಕ ಮತ್ತು ಆಟದ ರಚನಕಾರ

2021ರ ಫೆಬ್ರವರಿ 2ರಂದು ಭಾರತದಲ್ಲಿ ಪ್ಲೇಸ್ಟೇಷನ್ 5 ಬಿಡುಗಡೆಯಾದಾಗ ಡಿಸ್ಕ್ ಇರುವ ಯಂತ್ರಕ್ಕೆ ₹49,990, ಡಿಸ್ಕ್ ಇಲ್ಲದ್ದಕ್ಕೆ ₹39,990 ಬೆಲೆಯಿತ್ತು. ಆಗಿನ ಕೆಲವು ಪ್ರಮುಖ ಆಟಗಳ ಬೆಲೆ ₹4,999. ಡಿಸ್ಕ್ ಇದ್ದರೆ ಮಾನ್ವಿಯ ಗ್ರಾಹಕ ಆಡಿ ಮುಗಿಸಿದ ಆಟವನ್ನು ರಾಯಚೂರಿನ ಗೆಳೆಯನಿಗೆ ಅರ್ಧ ಬೆಲೆಗೆ ಮಾರಬಹುದು, ಎರವಲೂ ಕೊಡಬಹುದು. ಡಿಸ್ಕ್ ಇಲ್ಲದ ಯಂತ್ರದಲ್ಲಿ ಆ ದಾರಿ ಮುಚ್ಚುತ್ತದೆ. ಹತ್ತು ಸಾವಿರ ರೂಪಾಯಿ ಉಳಿಸಿದವನು ಮುಂದೆ ಒಂದೇ ಅಂಗಡಿಯ ಬೆಲೆಗೆ ಕಟ್ಟುಬೀಳುತ್ತಾನೆ. ಮುಕ್ತತೆಯ ಪ್ರಶ್ನೆ ಗ್ರಾಹಕನಿಗೆ ನೇರವಾಗಿ ತಟ್ಟುವುದು ಇಲ್ಲಿಯೇ. ಕಂಪ್ಯೂಟರಿನ ಆಟಗಳೂ ಮರುಮಾರಾಟವಾಗುವುದಿಲ್ಲವಾದರೂ, ಅಲ್ಲಿ ಮಳಿಗೆಗಳ ಪೈಪೋಟಿಯಿಂದ ರಿಯಾಯಿತಿಗಳು ಸಿಗುತ್ತವೆ. ಸ್ಟೀಮ್ 2015ರ ನವೆಂಬರಿನಿಂದ ರೂಪಾಯಿಯಲ್ಲೇ ವ್ಯವಹರಿಸುತ್ತಿದೆ.

ರಚನಕಾರರ ಸ್ಥಿತಿಯೂ ಇಂಥದ್ದೇ. 2017ರಿಂದ ಸ್ಟೀಮ್‌ನಲ್ಲಿ ಆಟವೊಂದಕ್ಕೆ 100 ಡಾಲರ್ ಶುಲ್ಕ ಕಟ್ಟಿ ಪ್ರಕಟಿಸಬಹುದಾಗಿದೆ. ರಾಯಚೂರಿನ ಐ.ಐ.ಐ.ಟಿ.ಯ (ಸ್ಥಾಪನೆ 2019) ವಿದ್ಯಾರ್ಥಿಗೂ ಇದು ಕೈಗೆಟಕುವ ಮಾರ್ಗ. ಕನ್ಸೋಲಿಗಾದರೆ ತಯಾರಕರ ಒಪ್ಪಿಗೆಯೂ ಅವರ ಪರೀಕ್ಷಾ ಯಂತ್ರವೂ ಬೇಕು. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾಗಿ 2019ರಲ್ಲಿ ರಾಕ್‌ಸ್ಟಾರ್ ಪಾಲಾದ ಧ್ರುವ ಇಂಟರಾಕ್ಟಿವ್ ಕನ್ಸೋಲ್ ಆಟಗಳಿಗೆ ದುಡಿದದ್ದು ಹೆಚ್ಚಾಗಿ ವಿದೇಶಿ ಕಂಪನಿಗಳ ಗುತ್ತಿಗೆಯ ಮೂಲಕ.

ಕಾನೂನು

ಅನುಮತಿಯಿಲ್ಲದ ಆಟಗಳನ್ನು ರಚಿಸಲು ಯಂತ್ರದ ಪ್ರೋಗ್ರಾಮನ್ನು ಬಿಚ್ಚಿ ಅಧ್ಯಯನ ಮಾಡುವುದು ನ್ಯಾಯಬದ್ಧ ಬಳಕೆಯಾಗಬಲ್ಲದೆಂದು 1992ರ ಸೆಗಾ–ಅಕೋಲೇಡ್ ಪ್ರಕರಣದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ತದ್ವಿರುದ್ಧವಾದ ನಿದರ್ಶನ ಪ್ಲೇಸ್ಟೇಷನ್ 3ರದು. ಅದರಲ್ಲಿ ಲಿನಕ್ಸ್ ಅಳವಡಿಸಲು ಮೊದಲು ನೀಡಿದ್ದ ಸೌಲಭ್ಯವನ್ನು ಸೋನಿ 2010ರ ಏಪ್ರಿಲ್ 1ರ ಅಪ್‌ಡೇಟ್ ಮೂಲಕ ಹಿಂತೆಗೆದುಕೊಂಡಿತು. ಹಣ ಕೊಟ್ಟು ಕೊಂಡ ಯಂತ್ರದ ಗುಣವನ್ನು ಮಾರಾಟದ ನಂತರ ಕಸಿದುಕೊಂಡದ್ದು ಅಮೆರಿಕದಲ್ಲಿ ಸಾಮೂಹಿಕ ದಾವೆಗೆ ಕಾರಣವಾಗಿ, ಕೊನೆಗೆ ರಾಜಿಯಲ್ಲಿ ಮುಗಿಯಿತು.

ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ ₹1,337.76 ಕೋಟಿ ಮತ್ತು ₹936.44 ಕೋಟಿ ದಂಡ ವಿಧಿಸಿತು. ಎರಡನೆಯದನ್ನು ಮೇಲ್ಮನವಿ ನ್ಯಾಯಮಂಡಳಿ 2025ರಲ್ಲಿ ₹216.69 ಕೋಟಿಗೆ ಇಳಿಸಿತು. ಇವು ಮೊಬೈಲ್ ಫೋನುಗಳಿಗೆ ಸಂಬಂಧಿಸಿದವು.

ಇತ್ತೀಚಿನ ಬೆಳವಣಿಗೆ

ವಾಲ್ವ್ ಕಂಪನಿಯ ಸ್ಟೀಮ್ ಡೆಕ್ (2022) ಕನ್ಸೋಲಿನಂತೆ ಕಂಡರೂ ಬೇರೆ ಮಳಿಗೆಗಳನ್ನು ಅಳವಡಿಸಿಕೊಳ್ಳಲು ಅಡ್ಡಿಪಡಿಸುವುದಿಲ್ಲ. 2025ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಮತ್ತು ಆಸುಸ್ ಸೇರಿ ಹೊರತಂದ ಆರ್.ಒ.ಜಿ. ಎಕ್ಸ್‌ಬಾಕ್ಸ್ ಅಲೈ ವಿಂಡೋಸ್ ಮೇಲೆ ನಡೆಯುವುದರಿಂದ ಅದರಲ್ಲಿ ಸ್ಟೀಮ್, ಎಪಿಕ್ ಎರಡನ್ನೂ ಬಳಸಬಹುದು. ಅಮೆರಿಕದಲ್ಲಿ ಅದರ ಆರಂಭಿಕ ಬೆಲೆ 599.99 ಡಾಲರ್, ಐದು ವರ್ಷ ಮೊದಲು ಬೀಗಸಹಿತ ಎಕ್ಸ್‌ಬಾಕ್ಸ್ ಸೀರೀಸ್ ಎಸ್ 299.99 ಡಾಲರಿಗೆ ದೊರೆಯುತ್ತಿತ್ತು. ಕನ್ಸೋಲಿಗಾಗಿಯೇ ರಚಿತವಾದ ಹಳೆಯ ಎಕ್ಸ್‌ಬಾಕ್ಸ್ ಆಟಗಳು ಈ ಹೊಸ ಯಂತ್ರದಲ್ಲಿ ನೇರವಾಗಿ ನಡೆಯುವುದಿಲ್ಲ.